ಸಹಾಯ ಬೇಕು: ಮೆಕ್ಸಿಕೊದವರ ‘ಅಓರೀತಾ’ ಅಂದ್ರೆ ಈಗಲೋ, ಆಮೇಲೋ?

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಮೆಕ್ಸಿಕೊದ ಗ್ವಾದಲಹಾರಾ ನಗರಕ್ಕೆ ಬಂದಿದ್ದೀನಿ. ಸ್ಪ್ಯಾನಿಷ್ ಬಲ್ಲವರು, ಅದರಲ್ಲೂ ಮೆಕ್ಸಿಕೊದಲ್ಲಿ ಇದ್ದು ಬಂದೋರು ಸ್ವಲ್ಪ ಬಿಡಿಸಿ ಹೇಳಿ.

‘ಅಓರಾ’ ಅಂದ್ರೆ ಈಗ. ಪುಸ್ತಕದ ಲೆಕ್ಕದಲ್ಲಿ ‘ಅಓರೀತಾ’ ಅಂದ್ರೆ ಈಗಿಂದೀಗಲೇ ಅಂತಾಗಬೇಕು. ನಲ್ಲಿ ರಿಪೇರಿಯವರು ಬೆಳಿಗ್ಗೆ ಫೋನಲ್ಲಿ ‘ಅಓರೀತಾ ವೋಯ್’, ಈಗ ಬರ್ತೀನಿ ಅಂದ್ರು. ಕತ್ತಲಾದ್ರೂ ಪತ್ತೆ ಇಲ್ಲ, ಸಿಂಕ್ ಕೆಳಗಿನ ಬಕೆಟ್ ತುಂಬ್ತಾನೇ ಇತ್ತು. (ನಮ್ಮಲ್ಲೂ ಮನೆಯಿಂದ ಹೊರಡದೇನೇ ‘ಇಲ್ಲೇ ಬಂದ್ಬಿಟ್ಟೆ’ ಅನ್ನೋರು ಕಮ್ಮಿ ಇಲ್ಲ ಬಿಡಿ.) ಬೀದಿ ವ್ಯಾಪಾರಿಗಳಿಗೆ ಬೇಡ ಅನ್ನೋಕೂ ಇಲ್ಲಿ ‘ಅಓರೀತಾ ನೋ, ಗ್ರಾಸಿಯಾಸ್’ ಅಂತಾರೆ. ಬಾಯಲ್ಲಿ ‘ಈಗ ಬೇಡ’, ಮನಸ್ಸಲ್ಲಿ ‘ಬೇಡವೇ ಬೇಡ’. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನದ ಈ ನಯ ನನಗೆ ಇಷ್ಟವೇ.

ಆಫೀಸಲ್ಲಿ ಇನ್ನೂ ಗೋಜಲು. ಪೋರ್ಟೊ ರಿಕೊ ಕಡೆಯವರಿಗೆ ‘ಅಓರೀತಾ’ ಅಂದ್ರೆ ‘ಆಮೇಲೆ’, ವೆನೆಜುವೆಲಾದವರಿಗೆ ‘ಈ ಕ್ಷಣ’. ನಮ್ಮ ಟೀಮಲ್ಲಿ ಎರಡೂ ಕಡೆಯವರಿದ್ದಾರೆ, ಜೊತೆಗೆ ಮೆಕ್ಸಿಕೊದವರು.

ನನಗೆ ತಿಳಿಬೇಕಿರೋದು ಇಷ್ಟು: ಇಲ್ಲಿಯವರು ಇನ್ನೂ ಎಳೆದು ‘ಅಓರಿತೀತಾ’ ಅಂದ್ರೆ ನಿಜವಾಗ್ಲೂ ತಕ್ಷಣ ಅಂತ ನಂಬಬಹುದಾ? ‘ಅಲ್ ರಾತೊ’ (ಸ್ವಲ್ಪ ಹೊತ್ತಾದ ಮೇಲೆ) ಅಂದ್ರೆ ‘ಅಓರೀತಾ’ಗಿಂತ ತಡ ಅಂತ ಹಿಡಿದಿದ್ದೀನಿ, ಸರಿನಾ? ‘ಆ ಕೆ ಓರಾ?’, ಎಷ್ಟು ಗಂಟೆಗೆ ಅಂತ ನೇರವಾಗಿ ಕೇಳಿದ್ರೆ ಒರಟು ಅನಿಸುತ್ತಾ? ಮ್ಯಾನೇಜರ್‌ಗೆ ನಾನೇ ‘ಅಓರೀತಾ’ ಅಂದ್ರೆ ಅವರು ಏನಂತ ತಗೋತಾರೆ? ಧ್ವನಿ ನೋಡಿ ಗುರುತಿಸೋ ಉಪಾಯ ಇದ್ರೆ ಅದನ್ನೂ ಹೇಳಿ. ನಲ್ಲಿ ಇನ್ನೂ ಸೋರ್ತಿದೆ.