ಸಹಾಯ ಬೇಕು: ಹತ್ತನೇ ತರಗತಿಯ ಸಂಭವನೀಯತೆಗೆ 12 ಹೊಸ ಲೆಕ್ಕ

ಎಲ್ಲರಿಗೂ ನಮಸ್ಕಾರ. ಠಾಣೆ, ಡೊಂಬಿವಲಿ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಸಂಭವನೀಯತೆಯ ಅಭ್ಯಾಸ ಹಾಳೆ ತಯಾರಾಗುತ್ತಿದೆ. 20 ಲೆಕ್ಕಗಳಲ್ಲಿ 8 ಆಗಿವೆ. ಉಳಿದವನ್ನು ಬರೆದುಕೊಡುವ ಗಣಿತದ ಮೇಷ್ಟ್ರುಗಳು ಬೇಕು.

ಮಕ್ಕಳು ಸೂತ್ರದಲ್ಲಿ ಎಡವುವುದಿಲ್ಲ, ಎಣಿಕೆಯಲ್ಲಿ ಎಡವುತ್ತಾರೆ. ಎರಡು ದಾಳ ಉರುಳಿಸಿದರೆ ಮೊತ್ತ 2ರಿಂದ 12, ಅಂದರೆ 11 ಬಗೆ. ಹಾಗಾಗಿ 7 ಬರುವ ಸಂಭವನೀಯತೆ 1/11 ಎಂದು ಬರೆದುಬಿಡುತ್ತಾರೆ. ಆದರೆ ಈ 11 ಮೊತ್ತಗಳು ಸಮಸಂಭವವಲ್ಲ, ಅಂದರೆ ಎಲ್ಲವೂ ಬರುವ ಸಾಧ್ಯತೆ ಒಂದೇ ಅಲ್ಲ. 6×6 ಚೌಕ ಹಾಕಿಸಿ 36 ಜೋಡಿಗಳನ್ನೂ ಬರೆಸಬೇಕು. 7ಕ್ಕೆ (1,6)ರಿಂದ (6,1)ರವರೆಗೆ 6 ಜೋಡಿ ಸಿಗುತ್ತವೆ, 2ಕ್ಕೆ ಒಂದೇ ಒಂದು. ಉತ್ತರ 6/36, ಅಂದರೆ 1/6. 'ಲೋಕಲ್ ರೈಲು ಸಿಗುತ್ತೆ ಇಲ್ಲಾ ತಪ್ಪುತ್ತೆ, ಅದಕ್ಕೇ 1/2' ಎನ್ನುವ ತರ್ಕವೂ ಇದೇ ಜಾತಿಯದು!

ಇಸ್ಪೀಟಿನ ಲೆಕ್ಕ ಬೇಡ. ಮನೆಯಲ್ಲಿ ಎಲೆ ಮುಟ್ಟದ ಮಕ್ಕಳಿಗೆ 52ರ ಕಟ್ಟಿನಲ್ಲಿ ಚಿತ್ರದ ಎಲೆ 12 ಎಂಬುದೇ ಗೊತ್ತಿರುವುದಿಲ್ಲ.

ಬೇಕಾಗಿರುವುದು ಎರಡು ಬಗೆ. ಒಂದು, 'ಕನಿಷ್ಠ ಒಂದು' ಎಂಬಂಥವು: 3 ನಾಣ್ಯ ಚಿಮ್ಮಿದಾಗ ಒಂದೂ ಹೆಡ್ ಬೀಳದಿರುವುದು 1/8, ಹಾಗಾಗಿ ಕನಿಷ್ಠ ಒಂದು ಹೆಡ್ ಬೀಳುವುದು 1 − 1/8 = 7/8. ಇನ್ನೊಂದು, ಅಂಕಿಗಳಿಂದ ಸಂಖ್ಯೆ ಕಟ್ಟುವುದು. 0, 1, 2, 3, 4ರಿಂದ ಎರಡಂಕಿಯ ಸಂಖ್ಯೆಗಳು ಅಂಕಿ ಮರುಕಳಿಸಿದರೆ 20, ಮರುಕಳಿಸದಿದ್ದರೆ 16. ಸೊನ್ನೆ ಮೊದಲು ಬರಬಾರದೆಂಬುದು ಮರೆತವರು 25, 20 ಎನ್ನುತ್ತಾರೆ.

ಪ್ರತಿ ಲೆಕ್ಕದ ಜೊತೆ ಪೂರ್ತಿ ಫಲಿತಗಳ ಪಟ್ಟಿ, ಉತ್ತರ, ಮಕ್ಕಳು ಬರೆಯಬಹುದಾದ ಒಂದು ತಪ್ಪು ಉತ್ತರ ಮತ್ತು ಅದರ ಕಾರಣ ಇರಲಿ. ಮರಾಠಿ ಪದಗಳನ್ನೂ (ಸಂಭವನೀಯತೆಗೆ ಸಂಭಾವ್ಯತಾ, ಪೂರ್ತಿ ಫಲಿತಗಳ ಪಟ್ಟಿಗೆ ನಮುನಾ ಅವಕಾಶ) ಪಕ್ಕದಲ್ಲಿ ಬರೆದರೆ ಉಪಕಾರ. ಟ್ಯೂಷನ್ನಿನಲ್ಲಿ ಕಿವಿಗೆ ಬೀಳುವುದು ಅವೇ. ಕೈಬರಹದ ಫೋಟೋ ಆದರೂ ಸಾಕು, ಇಲ್ಲೇ ಕೆಳಗೆ ಹಾಕಿ.