ಪಿಫಾಸ್ ಬೆರೆತ ನೀರು: ಜಲಶುದ್ಧೀಕರಣ ಎಂಜಿನಿಯರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಕಾರವಾರ, ಕ್ರೋಮ್ ಲೇಪನದ ಶೆಡ್): ಸರ್, ನಮ್ಮ ತೊಟ್ಟಿಯಿಂದ ಆಮ್ಲದ ಹಬೆ ಏಳದಂತೆ ಹಾಕುವ ನೊರೆದ್ರವದಲ್ಲಿ ಪಿಫಾಸ್ (ಸುಲಭಕ್ಕೆ ನಾಶವಾಗದ ಫ್ಲೋರಿನ್ ರಾಸಾಯನಿಕಗಳು) ಇದೆ ಎಂದು ತಿಳಿದ ಮೇಲೆ, ತೊಳೆದ ನೀರನ್ನು ಕಾರ್ಬನ್ ಫಿಲ್ಟರಿನಲ್ಲಿ ಹಾಯಿಸಿ ಬಿಡುತ್ತಿದ್ದೇವೆ. ಸಿಒಡಿ (ನೀರಿನಲ್ಲಿರುವ ಸಾವಯವ ಕೊಳೆಯ ಅಳತೆ) ವರದಿ ಚೆನ್ನಾಗಿದೆ. ಬಳಸಿದ ಕಾರ್ಬನ್ನನ್ನು ಶೆಡ್ಡಿನ ಹಿಂದೆ ಸುರಿದಿದ್ದೇವೆ. ಇಷ್ಟು ಸಾಕೇ?

ಉತ್ತರ: ಸಾಲದು. ಇಂದೇ ಆ ರಾಶಿಯ ಮೇಲೆ ತಾಡಪತ್ರಿ ಹೊದಿಸಿ, ನಂತರ ಮುಚ್ಚಳವಿರುವ ಡ್ರಮ್ಮಿಗೆ ತುಂಬಿ. ಕಾರ್ಬನ್ ಪಿಫಾಸನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ನಾಶ ಮಾಡುವುದಿಲ್ಲ. ನಮ್ಮ ಕಡೆಯ ಮಳೆ ಆ ರಾಶಿಯ ಮೂಲಕ ಇಳಿದರೆ, ಹಿಡಿದದ್ದು ಮೆಲ್ಲಗೆ ಬಿಟ್ಟುಕೊಂಡು ಚಿರೇಕಲ್ಲಿನ ಸಂದಿಗಳಲ್ಲಿ ಹಾದು ಯಾರದೋ ಬಾವಿ ಸೇರುತ್ತದೆ.

ಸಿಒಡಿ ವರದಿಯನ್ನು ಈ ವಿಷಯಕ್ಕೆ ಬದಿಗಿಡಿ. ಅದು ಮಿಲಿಗ್ರಾಂ ಲೆಕ್ಕದ್ದು. ಪಿಫಾಸನ್ನು ಅಳೆಯುವುದು ಅದಕ್ಕಿಂತ ಹತ್ತು ಲಕ್ಷ ಪಟ್ಟು ಚಿಕ್ಕದಾದ ನ್ಯಾನೋಗ್ರಾಂನಲ್ಲಿ. 2024ರಲ್ಲಿ ಅಮೆರಿಕ ಕುಡಿಯುವ ನೀರಿಗೆ ಗೊತ್ತುಮಾಡಿದ ಮಿತಿ, ಪಿಎಫ್‌ಒಎ ಮತ್ತು ಪಿಎಫ್‌ಒಎಸ್‌ ಎಂಬ ಎರಡು ಬಗೆಯ ಪಿಫಾಸಿಗೆ ತಲಾ, ಲೀಟರಿಗೆ 4 ನ್ಯಾನೋಗ್ರಾಂ.

ಕ್ರೋಮಿಯಂ ಇರುವ ನೀರನ್ನು ನೇರವಾಗಿ ಕಾರ್ಬನ್ನಿಗೆ ಬಿಟ್ಟರೆ ಕಾರ್ಬನ್ ಬೇಗ ಕೆಡುತ್ತದೆ. ಮೊದಲು ಆಮ್ಲೀಯ ಸ್ಥಿತಿಯಲ್ಲಿ ಮೆಟಾಬೈಸಲ್ಫೈಟ್ ಹಾಕಿ ಹೆಚ್ಚು ವಿಷಕಾರಿಯಾದ ಹೆಕ್ಸಾವೇಲೆಂಟ್ ಕ್ರೋಮಿಯಮ್ಮನ್ನು ಕಡಿಮೆ ವಿಷದ ಟ್ರೈವೇಲೆಂಟ್ ರೂಪಕ್ಕೆ ತಂದು, ಸುಣ್ಣದಿಂದ ತಳಕ್ಕಿಳಿಸಿ, ಸೋಸಿ, ಆಮೇಲೆ ಕಾರ್ಬನ್. ಒಂದಲ್ಲ, ಸಾಲಾಗಿ ಎರಡು ಪಾತ್ರೆಗಳಿರಲಿ; ಮೊದಲನೆಯದು ಸೋತಾಗ ಎರಡನೆಯದು ಹಿಡಿಯಬೇಕು. ಅಣುವಿನಲ್ಲಿ ಇಂಗಾಲದ ಸರಪಳಿ ಉದ್ದವಿರುವ ಪಿಫಾಸ್ ಕಾರ್ಬನ್ನಿಗೆ ಅಂಟುತ್ತದೆ, ಗಿಡ್ಡ ಸರಪಳಿಯದು ಬೇಗ ಜಾರಿ ಹೋಗುತ್ತದೆ. ಗಿಡ್ಡದ್ದಕ್ಕೆ ಅಯಾನು ವಿನಿಮಯದ ರೆಸಿನ್ (ವಿದ್ಯುದಂಶವಿರುವ ಕಣಗಳನ್ನು ಸೆಳೆದು ಹಿಡಿಯುವ ಪ್ಲಾಸ್ಟಿಕ್ ಮಣಿಗಳು) ಮೇಲು. ಪಿಎಫ್‌ಒಎಸ್ 2009ರಿಂದಲೇ ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧಿತ ರಾಸಾಯನಿಕಗಳ ಪಟ್ಟಿಯಲ್ಲಿದೆ. ಆದರೆ ‘ಪಿಎಫ್‌ಒಎಸ್ ಇಲ್ಲ’ ಎಂಬ ಚೀಟಿ ಅಂಟಿಸಿದ ನೊರೆದ್ರವದ ಕ್ಯಾನಿನಲ್ಲಿ ಅದರ ಗಿಡ್ಡ ದಾಯಾದಿ ಇರಬಹುದು. ಯಾವ ಫ್ಲೋರಿನ್ ಸಂಯುಕ್ತವೂ ಇಲ್ಲವೆಂದು ಮಾರುವವರಿಂದ ಬರೆಸಿಕೊಳ್ಳಿ.

ಪ್ರಶ್ನೆ (ಸಿರ್ಸಿ): ನೀರನ್ನು ಕುದಿಸಿದರೆ ಹೋಗುತ್ತದೆಯೇ?

ಉತ್ತರ: ಇಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ.

ಪ್ರಶ್ನೆ (ಕುಮಟಾ): ನಮ್ಮ ಮೀನುಗಳಲ್ಲಿ ಇದು ಇದೆಯೇ?

ಪ್ರಶ್ನೆ (ಹೊನ್ನಾವರ): ತಾಮ್ರದ ಹಂಡೆಯಲ್ಲಿ ಲಾವಂಚದ ಬೇರು ಹಾಕಿ ರಾತ್ರಿಯಿಟ್ಟರೆ ಎಲ್ಲ ವಿಷವೂ ಹೋಗುತ್ತದೆಂಬ ಸಂದೇಶ ಬಂದಿದೆ. ಹಂಚಬಹುದೇ?

ಉತ್ತರ: ಹಂಚಬೇಡಿ. ಲಾವಂಚದಿಂದ ನೀರು ಘಮಘಮಿಸುತ್ತದೆ, ನನ್ನ ಮನೆಯಲ್ಲೂ ಹಾಕುತ್ತೇವೆ. ಪಿಫಾಸಿಗೂ ಅದಕ್ಕೂ ಸಂಬಂಧವಿಲ್ಲ.

ಸದಸ್ಯರು (ಸಿರ್ಸಿ, ನಿವೃತ್ತ ಮಾಸ್ತರು): ಹಿರಿಯರ ಪದ್ಧತಿಯನ್ನು ಹೀಗೆ ತಳ್ಳಿಹಾಕುವುದು ಸರಿಯಲ್ಲ. ಆರ್‌ಒ ಯಂತ್ರ ನೀರಿನ ಸತ್ವವನ್ನೇ ತೆಗೆಯುತ್ತದೆ.

ಸದಸ್ಯರು (ಹೊನ್ನಾವರ, ಆರ್‌ಒ ಮಾರಾಟ): ಮಾಸ್ತರರೇ, ಹಿರಿಯರ ಕಾಲದಲ್ಲಿ ಪಿಫಾಸ್ ಇರಲಿಲ್ಲ. ನಮ್ಮ ಮನೆಯ ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರನ್ನೂ ಬಸಳೆ ಚಪ್ಪರಕ್ಕೆ ಬಿಡುತ್ತೇವೆ, ಹನಿ ವ್ಯರ್ಥವಿಲ್ಲ.

ಸದಸ್ಯರು (ಸಿರ್ಸಿ, ನಿವೃತ್ತ ಮಾಸ್ತರು): ಮಾರುವವರು ಹಾಗೆಯೇ ಹೇಳುತ್ತಾರೆ.

ಉತ್ತರ: ಇಬ್ಬರೂ ನಿಲ್ಲಿಸಿ. ಆರ್‌ಒ ಪಿಫಾಸನ್ನು ಬಹುಮಟ್ಟಿಗೆ ತಡೆಯುತ್ತದೆ, ಆದರೆ ತಡೆದದ್ದೆಲ್ಲ ಹೊರಬೀಳುವ ನೀರಿನಲ್ಲೇ ಇರುತ್ತದೆ. ಮೂಲ ನೀರಿನಲ್ಲಿ ಪಿಫಾಸ್ ಕಂಡಿದ್ದರೆ ಅದನ್ನು ಬಸಳೆಗೆ ಬಿಡಬಾರದು.

ಪ್ರಶ್ನೆ (ಅಂಕೋಲಾ, ಇಂಧನ ದಾಸ್ತಾನು): ಬೆಂಕಿ ಆರಿಸುವ ಹಳೆಯ ನೊರೆಯನ್ನು ಅಭ್ಯಾಸದಲ್ಲಿ ಬಳಸಿ, ಅಂಗಳ ತೊಳೆದ ನೀರನ್ನು ಟ್ಯಾಂಕಿನಲ್ಲಿ ಹಿಡಿದಿದ್ದೇವೆ. ಮುಂದೇನು?

ಉತ್ತರ: ಹಿಡಿದಿದ್ದು ಒಳ್ಳೆಯದಾಯಿತು. ಆ ನೀರಿನೊಳಗೆ ಗಾಳಿ ಊದಿದರೆ ಉದ್ದ ಸರಪಳಿಯ ಪಿಫಾಸ್ ಅಣುಗಳು ಗುಳ್ಳೆಗಳನ್ನು ಹಿಡಿದು ಮೇಲೇರುತ್ತವೆ, ನೊರೆಯನ್ನಷ್ಟೇ ಕೆನೆಯಂತೆ ತೆಗೆದಿಡಬಹುದು. ಆಗ ಸಾವಿರಾರು ಲೀಟರಿನ ಸಮಸ್ಯೆ ಕೆಲವು ಬಕೆಟ್ಟಿಗೆ ಇಳಿಯುತ್ತದೆ. ಗಿಡ್ಡವು ಕೆಳಗೇ ಉಳಿಯುವುದರಿಂದ ಉಳಿದ ನೀರಿಗೆ ರೆಸಿನ್ ಬೇಕು. ತೆಗೆದ ನೊರೆಯನ್ನು ಅಪಾಯಕಾರಿ ತ್ಯಾಜ್ಯದ ಪರವಾನಗಿ ಇರುವವರಿಗೇ ಕೊಡಿ. ಇನ್ನು ಅಭ್ಯಾಸಕ್ಕೆ ಫ್ಲೋರಿನ್ ಇಲ್ಲದ ನೊರೆ ಸಾಕು.

ಪ್ರಶ್ನೆ (ಭಟ್ಕಳ): ಎರಡು ಸಲ ಕುದಿಸಿದರೆ?

ಉತ್ತರ: ಮೇಲೆ ಓದಿ.

ಪ್ರಶ್ನೆ (ಕುಮಟಾ): ಮೀನಿನ ಪ್ರಶ್ನೆ ಕೇಳಿದ್ದೆ, ಸರ್.

ಸದಸ್ಯರು (ಸಿರ್ಸಿ, ನಿವೃತ್ತ ಮಾಸ್ತರು): ಉತ್ತರ ಬರುವುದು ಅವರಿಗೆ ಬೇಕಾದವರಿಗೆ ಮಾತ್ರ.

ಪ್ರಶ್ನೆ (ಕಾರವಾರ, ಕ್ರೋಮ್ ಲೇಪನದ ಶೆಡ್): ತಾಡಪತ್ರಿ ಹೊದಿಸಿದೆವು, ಸರ್. ಮನೆಯಲ್ಲಿ ನೀರು ತುಂಬಿಡುವ ನೀಲಿ ಡ್ರಮ್ಮು ಆದೀತೇ?

ಉತ್ತರ: ಆಗುತ್ತದೆ. ಅದರ ಮೇಲೆ ‘ಪಿಫಾಸ್ ಕಾರ್ಬನ್’ ಎಂದು ದಪ್ಪ ಬಣ್ಣದಲ್ಲಿ ಬರೆಯಿರಿ. ಆ ಡ್ರಮ್ಮಿಗೆ ಮತ್ತೆ ಯಾರೂ ನೀರು ತುಂಬಬಾರದು.