ಟೊಮೇಟೊ ಕಾವಲಿನ ರಾತ್ರಿ ತಲೆಗೆ ಪೆಟ್ಟು ತಿಂದ ಹುಡುಗಿ: ಅವಳಿಗೆ ಏನು ನೆನಪಿರುತ್ತೆ, ಏನು ಇರಲ್ಲ?

ಹೊಲದಬದು (ಕೋಲಾರ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು, ಪಿಯುಸಿ ಓದುವ ಮಕ್ಕಳಿಗಾಗಿ ಒಂದು ಥ್ರಿಲ್ಲರ್ ಕಾದಂಬರಿ ಬರೆಯುತ್ತಿದ್ದೇನೆ. ಒಂಬತ್ತು ಅಧ್ಯಾಯ ಮುಗಿದಿದೆ. ಹತ್ತನೆಯದಕ್ಕೆ ಬಂದು ಒಂದು ತಿಂಗಳಿಂದ ನಿಂತುಬಿಟ್ಟಿದ್ದೇನೆ.

ಕಥೆ ನಡೆಯುವುದು 2023ರ ಜುಲೈನಲ್ಲಿ. ನಮ್ಮ ಕಡೆಯವರಿಗೆ ಆ ತಿಂಗಳು ಮರೆಯುವಂಥದ್ದಲ್ಲ. 15 ಕೆಜಿ ಟೊಮೇಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಬೆಳೆದವರು ಹೊಲದಲ್ಲೇ ಟಾರ್ಪಾಲು ಕಟ್ಟಿಕೊಂಡು ರಾತ್ರಿ ಕಾವಲು ಮಲಗುತ್ತಿದ್ದರು. ಕೋಲಾರದಿಂದ ಜೈಪುರಕ್ಕೆ ಹೊರಟ ಒಂದು ಲಾರಿ ಟೊಮೇಟೊ ದಾರಿಯಲ್ಲೇ ಕಾಣೆಯಾಯಿತು ಅಂತ ಪೇಪರಿನಲ್ಲಿ ಬಂದಾಗ ನಮ್ಮೂರಿನ ಅಂಗಡಿ ಮುಂದೆ ಅದೇ ಮಾತು.

ನನ್ನ ಹುಡುಗಿಗೆ ಹದಿನಾರು. ಅಂತರಗಂಗೆ ಬೆಟ್ಟದ ಬುಡದಲ್ಲಿ ಅವರ ಹೊಲ. ಅಪ್ಪ ಮಂಡಿಗೆ ಹೋದ ರಾತ್ರಿ ಇವಳೇ ಕಾವಲಿಗೆ ಹೋಗುತ್ತಾಳೆ. ಬೆಳಗ್ಗೆ ನೋಡಿದರೆ ಕಲ್ಲುಕಟ್ಟೆಯ ಪಕ್ಕ ಬಿದ್ದಿದ್ದಾಳೆ, ತಲೆಗೆ ಪೆಟ್ಟಾಗಿದೆ, ಕಿತ್ತಿಟ್ಟಿದ್ದ ನಲವತ್ತು ಬಾಕ್ಸು ಇಲ್ಲ. ಯಾರು ಹೊಡೆದರು ಅನ್ನುವುದು ಅವಳಿಗೆ ನೆನಪಿಲ್ಲ.

ನಾನು ಬರೆದಿದ್ದರಲ್ಲಿ ಅವಳಿಗೆ ಎಲ್ಲವೂ ಮರೆತುಹೋಗುತ್ತೆ, ತನ್ನ ಹೆಸರು ಕೂಡ, ಅಮ್ಮನ ಮುಖ ಕೂಡ. ಕೊನೆಯಲ್ಲಿ ಅಂತರಗಂಗೆ ಮೆಟ್ಟಿಲು ಹತ್ತಿ ಬಸವನ ಬಾಯಿಂದ ನೀರು ಬೀಳುವುದನ್ನು ನೋಡಿದ ಕೂಡಲೇ ಎಲ್ಲ ಒಟ್ಟಿಗೆ ವಾಪಸ್ ಬರುತ್ತೆ. ಪಕ್ಕದ ಮನೆಯ ಹತ್ತನೇ ಕ್ಲಾಸಿನ ಹುಡುಗಿಗೆ ಓದಲು ಕೊಟ್ಟೆ. ಎಂಟು ಅಧ್ಯಾಯ ಒಂದೇ ದಿನ ಓದಿದಳು. ಒಂಬತ್ತನೆಯದು ಮುಗಿಸಿ, "ಅಕ್ಕಾ, ನಿಜವಾಗ್ಲೂ ಹೀಗಾಗುತ್ತಾ?" ಅಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ಆವತ್ತಿನಿಂದ ಒಂದು ಸಾಲೂ ಬರೆಯಲಾಗಿಲ್ಲ. ತಿಳಿದವರು ದಯವಿಟ್ಟು ಹೇಳಿ. ಮಕ್ಕಳು ನಂಬಿ ಓದುತ್ತಾರೆ, ಅವರಿಗೆ ಸುಳ್ಳು ಕೊಡಲು ನನಗೆ ಇಷ್ಟವಿಲ್ಲ.

ನೈಟ್‌ಡ್ಯೂಟಿ

ಮೇಡಂ, ನಾನು ಹನ್ನೊಂದು ವರ್ಷ ಕ್ಯಾಶುವಾಲ್ಟಿಯಲ್ಲಿ, ಆಮೇಲೆ ನ್ಯೂರೋ ಐಸಿಯುನಲ್ಲಿ ನರ್ಸ್ ಆಗಿದ್ದೆ. ಆ ಹುಡುಗಿಗೆ ಅನುಮಾನ ಬಂದಿದ್ದು ಸರಿಯಾಗೇ ಇದೆ.

ತಲೆಗೆ ಪೆಟ್ಟು ಬಿದ್ದು ಎಚ್ಚರವಾದ ಮೇಲೂ ತನ್ನ ಹೆಸರು, ಹೆತ್ತವರ ಮುಖ ಗೊತ್ತಾಗದೆ ಇರುವುದು ತೀರಾ ಅಪರೂಪ. ಹಳೆಯ ನೆನಪು ಗಟ್ಟಿ, ಹೊಸದು ಹಸಿ. 1881ರಲ್ಲೇ ಫ್ರಾನ್ಸಿನ ಮನೋವಿಜ್ಞಾನಿ ರಿಬೋ ಎಂಬುವರು ಇದನ್ನು ಬರೆದಿಟ್ಟಿದ್ದಾರೆ. ಈಗಷ್ಟೇ ಸಾರಿಸಿದ ಅಂಗಳ ಇರುತ್ತಲ್ಲ, ಒಣಗುವ ಮೊದಲೇ ಯಾರೋ ತುಳಿದುಕೊಂಡು ಹೋದರೆ ಏನು ಉಳಿಯುತ್ತೆ? ಹಾಗೆ ಪೆಟ್ಟಿಗೆ ಹತ್ತಿರದ್ದು ಅಳಿಸಿಹೋಗುತ್ತೆ. ಒಂದನೇ ಕ್ಲಾಸಿನ ಟೀಚರ್ ಹೆಸರು ಹೇಳುತ್ತಾರೆ, ನಿನ್ನೆ ಸಂಜೆ ಎಲ್ಲಿದ್ದೆ ಅಂದರೆ ಗೊತ್ತಿರಲ್ಲ.

ದಿನ ಕಳೆದ ಹಾಗೆ ಆ ಖಾಲಿ ಜಾಗ ಚಿಕ್ಕದಾಗುತ್ತಾ ಬರುತ್ತೆ. ದೂರದ್ದು ಮೊದಲು ಬರುತ್ತೆ, ಪೆಟ್ಟಿಗೆ ಹತ್ತಿರದ್ದು ಕೊನೆಗೆ. ಪೆಟ್ಟು ಬಿದ್ದ ಆ ಗಳಿಗೆ ಮಾತ್ರ ಸಾಮಾನ್ಯವಾಗಿ ಬರುವುದೇ ಇಲ್ಲ, ಯಾಕೆಂದರೆ ಅದು ಮಿದುಳಿನಲ್ಲಿ ಸೇರಿಕೊಂಡೇ ಇರಲ್ಲ. ಇಲ್ಲದ್ದು ಬಸವನ ಬಾಯಿ ನೋಡಿದರೂ ಬರಲ್ಲ. ಇನ್ನೊಂದು ಪೆಟ್ಟು ಬಿದ್ದರೆ ನೆನಪು ಬರುತ್ತೆ ಅನ್ನುವುದಂತೂ ಬೇಡವೇ ಬೇಡ. ಎರಡನೇ ಪೆಟ್ಟು ಇನ್ನಷ್ಟು ಹಾಳು ಮಾಡುತ್ತೆ. ಮಕ್ಕಳ ಪುಸ್ತಕದಲ್ಲಿ ಅದನ್ನು ದಯವಿಟ್ಟು ಬರೆಯಬೇಡಿ.

ಜನ ಬರೆಯದೇ ಬಿಡುವುದು ಪೆಟ್ಟಿನ ನಂತರದ ಸಮಯವನ್ನು. ಕಣ್ಣು ಬಿಡುತ್ತಾರೆ, ಮಾತಾಡುತ್ತಾರೆ, ನೀರು ಕೇಳುತ್ತಾರೆ. ಮನೆಯವರು ಸದ್ಯ ಹುಷಾರಾದಳು ಅಂದುಕೊಳ್ಳುತ್ತಾರೆ. ಆದರೆ ಐದು ನಿಮಿಷಕ್ಕೊಂದು ಸಲ ಅದೇ ಪ್ರಶ್ನೆ: ನಾನು ಎಲ್ಲಿದ್ದೇನೆ, ಅಪ್ಪ ಬಂದರಾ? ಉತ್ತರ ಕೊಟ್ಟರೂ ನಿಲ್ಲಲ್ಲ. ಈ ಸ್ಥಿತಿ ಎಷ್ಟು ಹೊತ್ತು ಇತ್ತು ಅನ್ನುವುದರ ಮೇಲೆ ಪೆಟ್ಟು ಎಷ್ಟು ಗಂಭೀರ ಅಂತ ಅಳೆಯುತ್ತಾರೆ. ಒಂದು ದಿನ ದಾಟಿದರೆ ಗಂಭೀರ, ಒಂದು ವಾರ ದಾಟಿದರೆ ಅತಿ ಗಂಭೀರ. ಆ ದಿನಗಳಲ್ಲಿ ಅವರು ಆಡಿದ ಮಾತು ಆಮೇಲೆ ಅವರಿಗೇ ನೆನಪಿರುವುದಿಲ್ಲ.

ಇನ್ನೊಂದು ವಿಷಯ, ನಿಮಗೆ ತುಂಬಾ ಉಪಯೋಗವಾಗಬಹುದು. ಕಿವಿಯ ಮೇಲಿನ ಮೂಳೆ ತೆಳು. ಅಲ್ಲಿ ಪೆಟ್ಟು ಬಿದ್ದು ಬುರುಡೆಗೂ ಮಿದುಳಿನ ಪೊರೆಗೂ ನಡುವೆ ರಕ್ತ ಕಟ್ಟಿದರೆ, ಕೆಲವರು ಮೊದಲು ಸ್ವಲ್ಪ ಹೊತ್ತು ಎಚ್ಚರ ತಪ್ಪಿ ಬಿದ್ದು ಎದ್ದುಬಿಡುತ್ತಾರೆ. ನಡೆದುಕೊಂಡು ಮನೆಗೆ ಬರುತ್ತಾರೆ, ಊಟ ಮಾಡುತ್ತಾರೆ, ತಲೆನೋವು ಅಂತ ಮಲಗುತ್ತಾರೆ. ಕೆಲವು ಗಂಟೆ ಆದಮೇಲೆ ವಾಂತಿ, ಮಂಪರು, ಆಮೇಲೆ ಎಬ್ಬಿಸಿದರೂ ಏಳಲ್ಲ. ಬೇಗ ಸ್ಕ್ಯಾನ್ ಮಾಡಿ ಆಪರೇಷನ್ ಮಾಡಿದರೆ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ತಡವಾದರೆ ಇಲ್ಲ. ಪೆಟ್ಟು ಬಿದ್ದು ಎದ್ದು ಓಡಾಡಿದ ಮಗುವನ್ನು ಸುಮ್ನೆ ಮಲಗಿಸಬೇಡಿ, ಕಥೆಯಲ್ಲೂ ಮನೆಯಲ್ಲೂ.

ಈಗ ನೋಡಿ, ನಿಮ್ಮ ಹುಡುಗಿ ಹೊಲದಲ್ಲೇ ಬೆಳಗಿನವರೆಗೂ ಬಿದ್ದಿದ್ದಳು ಅಂತ ಯಾಕೆ ಆಗಬೇಕು? ನಡುವೆ ಎರಡು ಗಂಟೆ ಅವಳು ಎದ್ದು ಓಡಾಡಿರಬಹುದು. ಯಾರಿಗೋ ಕಳ್ಳನ ಹೆಸರು ಹೇಳಿರಲೂಬಹುದು. ಅವಳಿಗೆ ನೆನಪಿಲ್ಲ. ಕೇಳಿಸಿಕೊಂಡವರಿಗೆ ನೆನಪಿದೆ.

ಮುಳಬಾಗಿಲು ಅಣ್ಣ

ಅಕ್ಕ, ನನ್ನ ತಮ್ಮನಿಗೆ ಹೀಗಾಗಿತ್ತು. ಹದಿನೇಳು ವರ್ಷ ಅವನಿಗೆ. ನರಸಾಪುರದ ಹತ್ತಿರ ಹೈವೇಯಲ್ಲಿ ಬೈಕಿಂದ ಬಿದ್ದ. ಹನ್ನೆರಡು ದಿನ ಅವನ ಲೆಕ್ಕದಲ್ಲೇ ಇಲ್ಲ.

ನಮ್ಮ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ. ನಮ್ಮ ಜಿಲ್ಲೆಯಲ್ಲಿ ಬಹಳ ಮನೆ ಹಾಗೇ, ನಿಮಗೂ ಗೊತ್ತು. ಎಚ್ಚರವಾದಾಗ ಬರೀ ತೆಲುಗು ಮಾತಾಡಿದ, ಡಾಕ್ಟರ ಜೊತೆಗೂ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಮೂರನೇ ವಾರಕ್ಕೆ ಎರಡೂ ಸರಿಹೋಯಿತು. ನಿಮ್ಮ ಕಥೆ ಕೋಲಾರದ್ದೇ ಆದ್ದರಿಂದ ಇದನ್ನು ಯೋಚಿಸಿ ಅಂತ ಹೇಳಿದೆ.

ಮನೆಗೆ ಬಂದಮೇಲಿನ ಕಷ್ಟವೇ ಜಾಸ್ತಿ. ಲೈಟು ಹಾಕಿದರೆ ಸಿಟ್ಟು, ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ಳುವುದು. ಮಧ್ಯಾಹ್ನವೆಲ್ಲ ನಿದ್ದೆ. ಪುಸ್ತಕ ಹಿಡಿದರೆ ಒಂದೇ ಪುಟದಲ್ಲಿ ಅರ್ಧ ಗಂಟೆ. ಎಷ್ಟು ಮೃದು ಹುಡುಗ ಗೊತ್ತಾ, ಅಮ್ಮನ ಮೇಲೆ ತಟ್ಟೆ ಎಸೆದ. ಹೀಗೆಲ್ಲ ಆಗಬಹುದು ಅಂತ ಡಿಸ್ಚಾರ್ಜ್ ಮಾಡುವಾಗ ಯಾರೂ ನಮಗೆ ಹೇಳಲಿಲ್ಲ. ಅಜ್ಜಿ ದೃಷ್ಟಿ ತೆಗೆದಳು, ತಾಯತ ಕಟ್ಟಿಸಿದಳು. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಿದಾಗ, ಇದು ಪೆಟ್ಟಿನಿಂದಲೇ ಆಗಿದ್ದು, ಹುಡುಗ ಕೆಟ್ಟವನಾಗಿಲ್ಲ ಅಂತ ಒಬ್ಬರು ಕೂರಿಸಿ ವಿವರಿಸಿದರು. ಅಮ್ಮ ಅಲ್ಲೇ ಅತ್ತುಬಿಟ್ಟಳು.

ಮುಖ್ಯವಾದದ್ದು ಇನ್ನೊಂದಿದೆ. ಒಂದು ವರ್ಷ ಆದಮೇಲೆ ಒಂದು ಮದುವೆಯಲ್ಲಿ ತಮ್ಮ ಆಕ್ಸಿಡೆಂಟ್ ಕಥೆ ಹೇಳುತ್ತಿದ್ದ. ಬಿಳಿ ನಾಯಿ ಅಡ್ಡ ಬಂತು, ಬ್ರೇಕ್ ಹಿಡಿದೆ, ಮುಂದಿನ ಚಕ್ರ ಜಾರಿತು. ಕೇಳುತ್ತಾ ನಿಂತ ನನಗೆ ಮೈ ಜುಮ್ಮೆಂದಿತು. ಆ ನಾಯಿಯನ್ನು ಯಾರೂ ನೋಡಿಲ್ಲ. ಆಸ್ಪತ್ರೆಯಲ್ಲಿ ನಮ್ಮ ಮಾವ, "ಯಾವುದೋ ನಾಯಿ ಬಂದಿರಬೇಕು" ಅಂತ ಅವನ ಮಂಚದ ಪಕ್ಕ ನಿಂತು ಹತ್ತು ಸಲ ಹೇಳಿದ್ದರು. ತಮ್ಮ ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಾಯಿ ಕಾಣುತ್ತಿತ್ತು, ಬಣ್ಣದ ಸಮೇತ.

ಲೈಬ್ರರಿ ಮೂಲೆ (ಚಿಕ್ಕಬಳ್ಳಾಪುರ)

ಮೇಲಿನ ಅಣ್ಣ ಹೇಳಿದ ಬಿಳಿ ನಾಯಿಯೇ ನಿಮ್ಮ ಕಾದಂಬರಿ ಅಂತ ನನಗನಿಸುತ್ತೆ.

1974ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಒಂದು ಪ್ರಯೋಗ ಮಾಡಿದರು. ಕಾರು ಡಿಕ್ಕಿಯ ಫಿಲ್ಮ್ ತೋರಿಸಿ ಕೆಲವರಿಗೆ 'ಕಾರು ತಾಗಿದಾಗ ಎಷ್ಟು ಸ್ಪೀಡಿತ್ತು' ಅಂತ ಕೇಳಿದರು, ಕೆಲವರಿಗೆ 'ಅಪ್ಪಚ್ಚಿಯಾಗುವ ಹಾಗೆ ಗುದ್ದಿದಾಗ' ಅಂತ ಕೇಳಿದರು. ಎರಡನೆಯವರು ಸ್ಪೀಡು ಜಾಸ್ತಿ ಹೇಳಿದರು. ಒಂದು ವಾರದ ಮೇಲೆ ಕೇಳಿದಾಗ ಆ ಗುಂಪಿನಲ್ಲೇ ಹೆಚ್ಚು ಜನ ಒಡೆದ ಗಾಜು ನೋಡಿದೆವು ಅಂದರು. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ. ಇವರಿಗೆ ತಲೆಗೆ ಪೆಟ್ಟೂ ಬಿದ್ದಿರಲಿಲ್ಲ! ಇನ್ನು ನಿಮ್ಮ ಹುಡುಗಿಯ ಮುಂದೆ ಹಳ್ಳಿಗೆ ಹಳ್ಳಿಯೇ ಕೂತು, "ಆ ಹೊರಗಿನ ಲಾರಿಯವರೇ ಅಲ್ವಾ ಹೊಡೆದಿದ್ದು?" ಅಂತ ದಿನಾ ಕೇಳಿದರೆ? ಒಂದು ದಿನ ಅವಳಿಗೆ ಲಾರಿ ಕಾಣಲು ಶುರುವಾಗುತ್ತೆ. ಅವಳು ಯಾರನ್ನೋ ತೋರಿಸಿ 'ಇವನೇ' ಅನ್ನುತ್ತಾಳೆ, ಆ ಮನುಷ್ಯ ನಿರಪರಾಧಿ. ಹದಿನಾರು ವರ್ಷದವಳು ಹೊರಲಾರದ ಭಾರ ಅದು.

ನೆನಪೇ ಬರದಿದ್ದರೆ ಕೊನೆ ಸಪ್ಪೆ ಆಗುತ್ತೆ ಅಂತ ನಿಮಗೆ ಭಯ ಇರಬಹುದು. ಅವಳ ತಲೆ ಮರೆತದ್ದನ್ನು ಕೈ ಹೇಳಲಿ. ಹೆನ್ರಿ ಮೊಲೈಸನ್ ಅಂತ ಒಬ್ಬರಿದ್ದರು. 1953ರಲ್ಲಿ ಫಿಟ್ಸ್ ನಿಲ್ಲಿಸಲು ಮಿದುಳಿನ ಎರಡೂ ಕಡೆಯ ಹಿಪ್ಪೊಕ್ಯಾಂಪಸ್ (ಹೊಸ ನೆನಪು ಕೂಡಿಡುವ ಜಾಗ) ಭಾಗ ತೆಗೆದ ಮೇಲೆ ಅವರಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಕೈ ಪಳಗಿತು. ಆದರೆ ಪ್ರತಿ ಸಲವೂ ಇದನ್ನು ನಾನು ಮೊದಲು ಮಾಡೇ ಇಲ್ಲ ಅನ್ನುತ್ತಿದ್ದರು. 2008ರಲ್ಲಿ ತೀರಿಕೊಂಡರು.

ಟೊಮೇಟೊ ಗಿಡಕ್ಕೆ ನೀಲಗಿರಿ ಕಡ್ಡಿ ನೆಟ್ಟು ಹುರಿ ಕಟ್ಟುತ್ತೀರಲ್ಲ, ಆ ಗಂಟು ಎಲ್ಲರದೂ ಒಂದೇ ಥರ ಇರುತ್ತಾ? ಆ ಮರೆತ ದಿನಗಳಲ್ಲಿ ಯಾರೋ ಅವಳಿಗೆ ಬೇರೆ ಗಂಟು ಕಲಿಸಿದ್ದರೆ, ಎರಡು ತಿಂಗಳ ಮೇಲೆ ಅವಳು ಹೊಲಕ್ಕೆ ಇಳಿದಾಗ ಕೈ ತಾನಾಗೇ ಆ ಗಂಟು ಹಾಕುತ್ತೆ. ಪಕ್ಕದಲ್ಲಿದ್ದ ಅಮ್ಮ, "ಇದನ್ನು ನಿನಗೆ ಯಾರು ಹೇಳಿಕೊಟ್ಟರು?" ಅನ್ನುತ್ತಾಳೆ. ನನಗಂತೂ ಇದು ಬೆಟ್ಟದ ಮೇಲಿನ ಫೈಟಿಗಿಂತ ಹೆದರಿಸುತ್ತೆ.

ಒಂದೇ ಬೇಡಿಕೆ. 'ನಾನು' ಅಂತ ಅವಳೇ ಕಥೆ ಹೇಳುತ್ತಿದ್ದರೆ, ಅವಳಿಗೆ ಗೊತ್ತಿರುವುದನ್ನು ನಮ್ಮಿಂದ ಮುಚ್ಚಿಡಬೇಡಿ. ಅವಳಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಾಗಬಾರದು, ಅಷ್ಟೇ. ಮರೆವಿನ ಹೆಸರಿನಲ್ಲಿ ಮೋಸ ಮಾಡಿದ ಕಥೆಯನ್ನು ಮಕ್ಕಳು ಕ್ಷಮಿಸಲ್ಲ.

ನೈಟ್‌ಡ್ಯೂಟಿ

ಗಂಟಿನ ಮಾತು ಚೆನ್ನಾಗಿದೆ, ಆಗುವಂಥದ್ದೇ. ಆದರೆ ಪೆಟ್ಟಿಗೆ ಮುಂಚಿನ ಹತ್ತು ದಿನ ಅಳಿಸಬೇಕಾದರೆ ಪೆಟ್ಟಿನ ನಂತರದ ಗೊಂದಲವೂ ವಾರಗಟ್ಟಲೆ ಇರಬೇಕು. ಸಾಮಾನ್ಯವಾಗಿ ಹಿಂದಿನದಕ್ಕಿಂತ ಮುಂದಿನದೇ ಉದ್ದ. ಎರಡು ದಿನದಲ್ಲಿ ಕಾಲೇಜಿಗೆ ಕಳಿಸಬೇಡಿ.

ಮತ್ತೆ, ಆಸ್ಪತ್ರೆಗೆ ಬಂದ ಕೂಡಲೇ ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಪಟ್ಟ ಗಾಯದ ದಾಖಲೆ) ಬರೆಯುತ್ತಾರೆ, ಪೊಲೀಸರಿಗೆ ತಿಳಿಸುತ್ತಾರೆ. ಪೇಪರಿನಲ್ಲಿ ಅವಳ ಹೆಸರು, ಫೋಟೊ ಹಾಕುವಂತಿಲ್ಲ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಇಂಥ ಕೇಸಿನಲ್ಲಿ ಪೆಟ್ಟು ತಿಂದ ಹದಿನೆಂಟರೊಳಗಿನವರ ಗುರುತನ್ನು ಪೇಪರು, ಟಿವಿಯಲ್ಲಿ ಹೇಳುವುದು ಅಪರಾಧ.

ಹೊಲದಬದು (ಕೋಲಾರ)

ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯುತ್ತಿಲ್ಲ. ನಿನ್ನೆ ರಾತ್ರಿ ಒಂಬತ್ತನೇ ಅಧ್ಯಾಯ ಪೂರ್ತಿ ತೆಗೆದುಹಾಕಿದೆ.

ಈಗ ಹೀಗೆ ಯೋಚಿಸಿದ್ದೇನೆ. ಪೆಟ್ಟು ಬಿದ್ದ ಮೇಲೆ ಅವಳು ಎದ್ದು ಮನೆಗೆ ಬರುತ್ತಾಳೆ. ಮನೆಯಲ್ಲಿ ಅಜ್ಜಿ ಒಬ್ಬಳೇ. ಮುದ್ದೆ ಬಡಿಸುತ್ತಾಳೆ, ತಲೆಗೆ ಅರಿಶಿನ ಒತ್ತುತ್ತಾಳೆ. ಮೊಮ್ಮಗಳು ತೆಲುಗಿನಲ್ಲಿ ಒಂದು ಹೆಸರು ಹೇಳುತ್ತಾಳೆ. ಅದು ಅಜ್ಜಿಯ ಇನ್ನೊಬ್ಬ ಮೊಮ್ಮಗನ ಹೆಸರು, ದೊಡ್ಡಪ್ಪನ ಮಗ. ಅವನೇ ಆ ಗಂಟು ಕಲಿಸಿದವನು. ಬಾಕ್ಸು ಕಾಯಲು ಅಂತ ಹುಡುಗಿ ಮತ್ತೆ ಹೊಲಕ್ಕೆ ಹೊರಟಾಗ ಅಜ್ಜಿ ತಡೆಯುವುದಿಲ್ಲ. ಬೆಳಗ್ಗೆ ಕಲ್ಲುಕಟ್ಟೆ ಪಕ್ಕ ಸಿಕ್ಕಾಗ ಅಜ್ಜಿ ಏನೂ ಹೇಳುವುದಿಲ್ಲ. ಊರೆಲ್ಲ ಲಾರಿ ಲಾರಿ ಅಂದಾಗಲೂ ಇಲ್ಲ. ಹುಡುಗಿ ಮಂಪರಿನಲ್ಲಿ, "ಅಜ್ಜಿ, ನಾನು ಊಟ ಮಾಡಿದೆನಾ?" ಅಂತ ಕೇಳುತ್ತಲೇ ಇರುತ್ತಾಳೆ. ಎಲ್ಲರೂ ಅದನ್ನು ಪೆಟ್ಟಿನ ಗೊಂದಲ ಅಂದುಕೊಳ್ಳುತ್ತಾರೆ.

ಅಜ್ಜಿಯನ್ನು ಕೆಟ್ಟವಳಾಗಿ ಬರೆಯಲು ನನಗೆ ಮನಸ್ಸಿಲ್ಲ. ಎರಡೂ ಅವಳ ಮಕ್ಕಳ ಮಕ್ಕಳೇ ಅಲ್ವಾ.

ಮುಳಬಾಗಿಲು ಅಣ್ಣ, ಬೇಜಾರಿಲ್ಲದಿದ್ದರೆ ಒಂದು ಹೇಳಪ್ಪ. ನಿನ್ನ ತಮ್ಮ ಮನೆಗೆ ಬಂದ ಮೊದಲ ದಿನ ಏನು ಕೇಳಿದ?

ಮುಳಬಾಗಿಲು ಅಣ್ಣ

ಬೇಜಾರೇನಿಲ್ಲ ಅಕ್ಕ. ಒಳಗೆ ಬಂದವನು ಬಾಗಿಲ ಹಿಂದಿನ ಮೊಳೆ ನೋಡಿ, ಹೆಲ್ಮೆಟ್ ಎಲ್ಲಿ ಅಂದ.

ಆವತ್ತು ಹೆಲ್ಮೆಟ್ ಮನೆಯಲ್ಲೇ ಬಿಟ್ಟು ಹೋಗಿದ್ದ. ಬೇಗ ಹೋಗು ಬೇಗ ಹೋಗು ಅಂತ ಅವಸರ ಮಾಡಿದ್ದು ನಾನು. ಅವನು ಆಸ್ಪತ್ರೆಯಲ್ಲಿದ್ದಾಗ ಅಮ್ಮ ಅದನ್ನು ಅಟ್ಟಕ್ಕೆ ಹಾಕಿದ್ದಳು. ಅವನು ಕೇಳಿದಾಗ ಅಮ್ಮ ನನ್ನ ಮುಖ ನೋಡಿದಳು. ಬಿದ್ದ ಜಾಗದಲ್ಲೇ ಕಳೆದುಹೋಯಿತು ಅಂತ ನಾನು ಹೇಳಿದೆ. ಈಗಲೂ ಅವನು ಹಾಗೇ ಅಂದುಕೊಂಡಿದ್ದಾನೆ.